ತಿರುಗುವ ಆಸನ ಮತ್ತು ಅದರ ಅಗುಳಿ

ಮಂಡಿನೋವಿನಿಂದ ನರಳುವ ವೃದ್ಧರಿಗೆ ಕಾರು ಹತ್ತುವುದೂ ಇಳಿಯುವುದೂ ಎಷ್ಟು ಪ್ರಯಾಸದ ಕೆಲಸವೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಆಸನವೇ ಬಾಗಿಲ ಕಡೆಗೆ ತಿರುಗಿದರೆ ಈ ಕಷ್ಟ ಬಹುಮಟ್ಟಿಗೆ ನೀಗುತ್ತದೆ. ಇದು ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದ ಕ್ರೈಸ್ಲರ್ ಸಂಸ್ಥೆ 1959ರ ಮಾದರಿಗಳಲ್ಲಿಯೇ ಹೊರಕ್ಕೆ ತಿರುಗುವ ಮುಂದಿನ ಆಸನಗಳನ್ನು ಒದಗಿಸಿತ್ತು. ಇಂಥ ಆಸನ ಬೇಡವೆಂದು ಯಾರೂ ಹೇಳಲಾರರು. ಆದರೆ ವಾಹನ ಓಡುವಾಗ ಅದು ತಿರುಗದಂತೆ ನೋಡಿಕೊಳ್ಳುವ ಹೊಣೆ ಯಾರದು?

ಸಣ್ಣದೊಂದು ಲೆಕ್ಕ ಮಾಡೋಣ. ಗಂಟೆಗೆ 50 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್ ವೇಗದ ಕಾರು ಗೋಡೆಗೆ ಬಡಿದು, ಅದರ ಮುಂಭಾಗ 70 ಸೆಂಟಿಮೀಟರ್ ಕುಗ್ಗಿ ನಿಂತಿತೆನ್ನಿ. ವೇಗದ ವರ್ಗವನ್ನು ಈ ದೂರದ ಎರಡರಷ್ಟರಿಂದ ಭಾಗಿಸಿದರೆ, ವೇಗ ಕುಗ್ಗುವ ದರ ಗುರುತ್ವದ ಸುಮಾರು 14 ಪಟ್ಟಾಗುತ್ತದೆ. 60 ಕಿಲೋಗ್ರಾಂ ತೂಗುವ ವ್ಯಕ್ತಿಯನ್ನು ತಡೆದು ನಿಲ್ಲಿಸಲು 800 ಕಿಲೋಗ್ರಾಂಗೂ ಮಿಕ್ಕ ತೂಕಕ್ಕೆ ಸಮನಾದ ಬಲ ಬೇಕು. ಸೀಟ್ ಬೆಲ್ಟನ್ನು ಆಸನಕ್ಕೇ ಬಿಗಿದಿದ್ದರೆ ಈ ಬಲವೆಲ್ಲವೂ ಆಸನದ ಕೀಲಿನ ಮೇಲೂ ಅಗುಳಿಯ ಮೇಲೂ ಬೀಳುತ್ತದೆ.

ಆಸನ ಅಡ್ಡಲಾಗಿ ತಿರುಗಿದ್ದರಂತೂ ಅಪಾಯ ಇನ್ನೂ ಹೆಚ್ಚು. ಮುಂದೆ ನೋಡಿ ಕುಳಿತವರನ್ನು ಬೆಲ್ಟು ಸೊಂಟದ ಮೂಳೆ ಮತ್ತು ಹೆಗಲುಗಳಲ್ಲಿ ಹಿಡಿಯುತ್ತದೆ. ಅಡ್ಡ ಕುಳಿತವರಿಗಾದರೋ ಕತ್ತನ್ನೂ ಹೊಟ್ಟೆಯನ್ನೂ ಒತ್ತಬಲ್ಲದು. ಐರೋಪ್ಯ ಒಕ್ಕೂಟವು 2005ರ ನಿರ್ದೇಶದ ಮೂಲಕ ಹೊಸ ಕಾರುಗಳಲ್ಲಿ ಅಡ್ಡಮುಖದ ಆಸನಗಳನ್ನು ನಿಷೇಧಿಸಿತು.

ಆಸನಗಳನ್ನು ಕುರಿತ ವಿಶ್ವಸಂಸ್ಥೆಯ 17ನೆಯ ನಿಯಮದಂತೆ, ಆಸನವನ್ನು ಸರಿಸುವ ಪ್ರತಿಯೊಂದು ಏರ್ಪಾಟಿಗೂ ತಾನಾಗಿಯೇ ಬೀಳುವ ಅಗುಳಿ ಇರಬೇಕು. ಅಮೆರಿಕದ 207ನೆಯ ಮಾನಕದಂತೆ, ಆಸನವು ತನ್ನ ತೂಕದ 20 ಪಟ್ಟು ಬಲವನ್ನು ತಡೆಯಬೇಕು. ಬೆಲ್ಟು ಆಸನಕ್ಕೇ ಸೇರಿದ್ದರೆ ಅದರ ಸೆಳೆತವನ್ನೂ ಜೊತೆಯಲ್ಲಿಯೇ ತಾಳಬೇಕು. ಇವು ಉಚಿತವಾದ ನಿಯಮಗಳು. ಆದರೆ ಅರ್ಧ ತಿರುಗಿ ನಿಂತ ಆಸನದಲ್ಲಿ ಎಂಥ ಗಟ್ಟಿಯಾದ ಅಗುಳಿಯಿದ್ದೂ ಫಲವಿಲ್ಲ.

ಆದುದರಿಂದ, ಆಸನ ಮುಂದಕ್ಕೆ ತಿರುಗಿ ಅಗುಳಿ ಪೂರ್ತಿ ಬೀಳುವವರೆಗೆ ವಾಹನ ಚಲಿಸಲೇಬಾರದು ಎಂಬ ನಿಯಮ ಎಲ್ಲೆಡೆಯೂ ಇರತಕ್ಕದ್ದು. ಕೆಳಗೊಂದು ವಿದ್ಯುತ್ ಸ್ವಿಚ್ಚನ್ನಿಟ್ಟು ಗಿಯರಿಗೆ ಜೋಡಿಸುವುದು ಅಸಾಧ್ಯದ ಮಾತಲ್ಲ. ಎಚ್ಚರಿಕೆಯ ದೀಪವೊಂದಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ದೀಪವನ್ನು ಯಾರಾದರೂ ನೋಡಬೇಕು, ನೋಡಿದವರು ಲಕ್ಷಿಸಬೇಕು. ಸ್ವಿಚ್ಚು ಕೆಟ್ಟರೆ ಪ್ರಯಾಣ ತಡವಾದೀತು. ಅಗುಳಿ ಬೀಳದಿದ್ದರೆ ಪ್ರಾಣವೇ ಹೋದೀತು. ಕಾರ್ಖಾನೆಯಲ್ಲಿ ಜೋಡಿಸಿದ ಆಸನಕ್ಕೂ ಅನಂತರ ಗ್ಯಾರೇಜಿನಲ್ಲಿ ಕೂಡಿಸಿದ ಆಸನಕ್ಕೂ ಈ ನಿಯಮ ಒಂದೇ ಆಗಿರಬೇಕು. ಈ ಆಸನವನ್ನು ಬಳಸುವವರು ವೃದ್ಧರು, ಅಶಕ್ತರು. ಬಗ್ಗಿ ಅಗುಳಿಯನ್ನು ಪರೀಕ್ಷಿಸಿ ನೋಡಿರೆಂದು ಅವರಿಗೆ ಹೇಳುವುದು ನ್ಯಾಯವಲ್ಲ.