ಕಪ್ಪು ಹಕ್ಕಿಗಳ ಧ್ವನ್ಯರ್ಥ

ಆಂಗ್ಲ ಪಾಠ ಓದುವ ಮಕ್ಕಳು ನಿಘಂಟು ತೆರೆದು ‘ಕ್ರೋ’ ಎಂದರೆ ಕಾಗೆ, ‘ರೇವನ್’ ಎಂದರೆ ದೊಡ್ಡ ಜಾತಿಯ ಕಾಗೆ ಎಂದು ಬರೆದುಕೊಳ್ಳುತ್ತಾರೆ. ವಾಚ್ಯಾರ್ಥವೇನೋ ಸರಿಯೇ. ಆದರೆ ಆ ನುಡಿಯವರು ಹಕ್ಕಿಯ ಹೆಸರಿನಲ್ಲಿ ಅಡಗಿಸಿರುವ ಧ್ವನಿ ಅಷ್ಟರಿಂದ ನಮಗೆ ದಕ್ಕುವುದಿಲ್ಲ.

ಕ್ರೋ ವಿಷಯದಲ್ಲಿ ಅವರು ಅಷ್ಟೇನೂ ಕಠೋರರಲ್ಲ. ಕಾಗೆ ಹಾರುವ ದೂರವೆಂದರೆ ಎರಡು ಊರುಗಳ ನಡುವಣ ನೇರ ಅಂತರ. ಕಾಗೆಯ ಪಾದಗಳೆಂದರೆ ಕಣ್ಣಂಚಿನಲ್ಲಿ ವಯಸ್ಸು ಮೂಡಿಸುವ ಸುಕ್ಕುಗಳು. ಅಮೆರಿಕದಲ್ಲಿ ಒಬ್ಬನು ‘ಕಾಗೆಯನ್ನು ತಿಂದ’ನೆಂದರೆ, ಹಟದಿಂದ ವಾದಿಸಿದವನು ತಲೆತಗ್ಗಿಸಿ ತಪ್ಪೊಪ್ಪಿಕೊಂಡನೆಂದು ಅರ್ಥ. ಅದರ ದಾಯಾದಿಯಾದ ‘ರೂಕ್’ ಕ್ರಿಯಾಪದವಾದರೆ ವಂಚಿಸು ಎಂದಾಗುತ್ತದೆ!

ರೇವನ್ ಪಾಲಿಗೆ ಬಂದುದು ಸಾವಿನ ನೆರಳು. ರಣರಂಗದ ಹೆಣಗಳಿಗೆ ಎರಗುವ ಪಕ್ಷಿಯಲ್ಲವೆ? ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದಲ್ಲಿ ದೊರೆಯ ಕೊಲೆಗೆ ಮುನ್ನ ಅದರ ಕರ್ಕಶ ಕೂಗಿನ ಮಾತು ಬರುತ್ತದೆ. ಎಡ್ಗರ್ ಆಲನ್ ಪೋ 1845ರಲ್ಲಿ ಪ್ರಕಟಿಸಿದ ಕವಿತೆಯಲ್ಲಿ ಪ್ರಿಯೆಯನ್ನು ಕಳೆದುಕೊಂಡವನ ಕೋಣೆಗೆ ನುಗ್ಗುವುದೂ ಇದೇ ಹಕ್ಕಿ. ಆದರೂ ಬೈಬಲಿನಲ್ಲಿ ಪ್ರವಾದಿ ಎಲೀಯನಿಗೆ ಆಹಾರ ತಂದಿತ್ತದ್ದು ರೇವನ್‌ಗಳೇ. ಅವು ಲಂಡನ್ ಗೋಪುರವನ್ನು ತೊರೆದರೆ ರಾಜ್ಯವೇ ಉರುಳುವುದೆಂಬ ಪ್ರತೀತಿಯಿಂದ ಅಲ್ಲಿ ಕಡಿಮೆಯೆಂದರೂ ಆರನ್ನು ಸಾಕುತ್ತಾರೆ. ಭಯವೂ ಬೇಕು, ಆಶ್ರಯವೂ ಬೇಕು!

ಇಷ್ಟರಿಂದ ಹಕ್ಕಿಗಳಿಗೇನೂ ನಷ್ಟವಿಲ್ಲ. ಅವುಗಳ ಹೆಸರು ಮನುಷ್ಯರಿಗೆ ಅಂಟಿದಾಗಿನ ಕಥೆ ಬೇರೆ. 1830ರ ಸುಮಾರಿಗೆ ಅಮೆರಿಕದಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು, ‘ಜಿಮ್ ಕ್ರೋ’ ಎಂಬ ಪಾತ್ರವಾಗಿ ಕುಣಿದು ಕರಿಯರನ್ನು ಅಣಕಿಸಿದ. ಮುಂದೆ ಆ ದೇಶದ ದಕ್ಷಿಣ ರಾಜ್ಯಗಳಲ್ಲಿ ಕರಿಯರಿಗೆ ಶಾಲೆ, ರೈಲುಗಾಡಿ, ಉಪಾಹಾರಗೃಹಗಳನ್ನು ಬೇರ್ಪಡಿಸಿದ ಕಾನೂನುಗಳಿಗೆ ಅದೇ ಹೆಸರು ನಿಂತಿತು. ಅವನ್ನು ಅಳಿಸಲು 1964ರ ನಾಗರಿಕ ಹಕ್ಕುಗಳ ಕಾಯಿದೆಯವರೆಗೆ ಹೋರಾಡಬೇಕಾಯಿತು.

ಇದಕ್ಕಿಂತಲೂ ನಮ್ಮನ್ನು ಕಲಕಿದ ಪದ ‘ಬ್ಲ್ಯಾಕ್‌ಬರ್ಡಿಂಗ್’. ಬ್ಲ್ಯಾಕ್‌ಬರ್ಡ್ ಎಂಬುದು ಇಂಗ್ಲೆಂಡಿನ ಕೈತೋಟಗಳಲ್ಲಿ ಇಂಪಾಗಿ ಹಾಡುವ ಹಕ್ಕಿ. ಆದರೆ 1863ರಿಂದ 1904ರವರೆಗೆ ಶಾಂತಸಾಗರದ ದ್ವೀಪಗಳಿಂದ ಸುಮಾರು 62,000 ಮಂದಿಯನ್ನು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿಗೆ ದುಡಿಮೆಗೆ ಸಾಗಿಸಿದರು. ಕೆಲವರು ಒಪ್ಪಿ ಬಂದವರು. ಅನೇಕರನ್ನು ಮೋಸದಿಂದ, ಬಲಾತ್ಕಾರದಿಂದ ಹಡಗೇರಿಸಿದರು. ಕಬ್ಬಿನ ಗದ್ದೆಗೆ ಕಪ್ಪು ಮೈಯವರನ್ನು ಹಿಡಿದೊಯ್ಯುವ ಈ ದಂಧೆಗೆ ಹಕ್ಕಿ ಹಿಡಿಯುವ ಹೆಸರು! ಅವರ ವಂಶಸ್ಥರನ್ನು ಪ್ರತ್ಯೇಕ ಸಮುದಾಯವೆಂದು ಆಸ್ಟ್ರೇಲಿಯ ಸರ್ಕಾರ ಮಾನ್ಯ ಮಾಡಿದ್ದು 1994ರಲ್ಲಿ. ನಿಘಂಟಿನಲ್ಲಿ ಈ ಪದ ಈಗಲೂ ಆ ಹಾಡುಹಕ್ಕಿಯ ಮಗ್ಗುಲಲ್ಲೇ ಇದೆ.