ಆಮೆ ದಾರಿ ತಪ್ಪಲಿ ಬಿಡಿ

ಮಕ್ಕಳೇ, ಅಂತರ್ಜಾಲದ ಅನೇಕ ಕಂಪ್ಯೂಟರ್ ಪಾಠಗಳು 'ಇಲ್ಲಿ ಒತ್ತಿ, ಅಲ್ಲಿ ಒತ್ತಿ' ಎನ್ನುತ್ತವೆ. ಒತ್ತಿದ್ದೇಕೆಂದು ತಿಳಿಯದವರಿಗೆ ಗುಂಡಿಯ ಜಾಗ ಬದಲಾದರೆ ಕೈ ಓಡುವುದಿಲ್ಲ. ಪಾಠವೆಂದರೆ ಮಾಡಿ ನೋಡಲು, ತಪ್ಪಲು ಅವಕಾಶ ಇರಬೇಕು.

1967ರಲ್ಲಿ ಅಮೆರಿಕದಲ್ಲಿ ಸೆಮೂರ್ ಪೇಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ 'ಲೋಗೋ' ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ಬಳಿಕ ಅದಕ್ಕೊಂದು ಆಮೆ ಬಂತು. ನಾವು ಹೇಳಿದಂತೆ ನಡೆದು ಅದು ಗೆರೆ ಎಳೆಯುತ್ತದೆ. 'ನೂರು ಹೆಜ್ಜೆ ಮುಂದೆ ಹೋಗು, ಬಲಕ್ಕೆ 90 ಡಿಗ್ರಿ ತಿರುಗು' ಎಂದು ನಾಲ್ಕು ಬಾರಿ ಹೇಳಿದರೆ ಚೌಕ ಸಿದ್ಧ.

ತ್ರಿಭುಜಕ್ಕೆ? ಸಮಬಾಹು ತ್ರಿಭುಜದ ಕೋನ 60 ಡಿಗ್ರಿ ತಾನೇ ಎಂದು 60 ತಿರುಗಿಸಿ ನೋಡಿ. ಮೂರು ಗೆರೆ ಎಳೆದರೂ ತುದಿಗಳು ಕೂಡುವುದಿಲ್ಲ. ಬಿಡದೆ ಆರು ಬಾರಿ ಮಾಡಿದರೆ ಷಡ್ಭುಜ! ಆಮೆ ತಿರುಗುವುದು ಹೊರಗಿನ ಕೋನದಷ್ಟು. ತ್ರಿಭುಜಕ್ಕೆ ಅದು 120 ಡಿಗ್ರಿ. 4×90, 3×120, 6×60 ಗುಣಿಸಿ ನೋಡಿ. ಎಲ್ಲವೂ 360. ಈ ನಿಯಮ ಕಲಿಸಿದ್ದು ನಮ್ಮ ತಪ್ಪೇ. ಹೀಗೆ ತಾನೇ ಕಟ್ಟಿಕೊಂಡ ತಿಳಿವಳಿಕೆ ಬೇಗ ಮರೆಯದು.

ಇದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಮಾವಳ್ಳಿಯ ಕಡಲತೀರದ ಮರಳು ಸಾಕು. ಗೆಳತಿಯೊಬ್ಬಳು ಆಮೆಯಾಗಲಿ, ನೀವು ಆಜ್ಞೆ ಕೊಡಿ. ಗೆರೆ ತಪ್ಪಿದರೆ ಬೈಯಬೇಡಿ. ಎಲ್ಲಿ ತಪ್ಪಿತೆಂದು ಹುಡುಕಿ, ಮತ್ತೆ ನಡೆಸಿ.