ಬಾನು ಮುಷ್ತಾಕ್ ಯಾವಾಗಿನಿಂದ ನಮ್ಮವರಾದರು?

ಮೊನ್ನೆ ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ದಸರಾ ಉದ್ಘಾಟಿಸಿದರು. ಅಂದು ಸಂಜೆ ಚಿಕ್ಕಬಾಣಾವರದ ನಮ್ಮ ಬ್ಯಾರಿಗಳ ಮೊಬೈಲುಗಳಲ್ಲೆಲ್ಲ ಅವರದೇ ಫೋಟೋ. ಬೇಕರಿಯವರ ಸ್ಟೇಟಸ್, ಪೀಣ್ಯದ ಫ್ಯಾಕ್ಟರಿಗೆ ಹೋಗುವ ಹುಡುಗರ ಸ್ಟೇಟಸ್, ಎಲ್ಲದರಲ್ಲೂ ‘ನಮ್ಮ ಬಾನು’. ಸಂತೋಷವೇ. ಆದರೆ ಅವರು ನಮ್ಮವರಾದದ್ದು ಯಾವಾಗ?

ಮೇ 20ರಂದು ಲಂಡನ್ನಿನಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಅದೇ ಮೊದಲು. ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದಿದ್ದರು. ಆಗ ನಮ್ಮಲ್ಲಿ ಇಷ್ಟು ಸಡಗರ ಕಾಣಲಿಲ್ಲ. ಸಡಗರ ಶುರುವಾದದ್ದು, ದಸರಾಕ್ಕೆ ಅವರು ಬೇಡ ಎಂದು ಕೆಲವರು ಕೋರ್ಟಿಗೆ ಹೋದ ಮೇಲೆ. ಸೆಪ್ಟೆಂಬರ್ 15ರಂದು ಹೈಕೋರ್ಟ್, 19ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿದವು. 2017ರಲ್ಲಿ ಕವಿ ನಿಸಾರ್ ಅಹಮದ್ ಉದ್ಘಾಟಿಸಿದಾಗ ಇಷ್ಟು ಗದ್ದಲ ಇರಲಿಲ್ಲ. ನಮಗೆ ಆಗದವರು ಬೇಡ ಎಂದರು, ಹಾಗಾಗಿ ನಾವು ಬೇಕು ಎಂದೆವು. ಇದು ಮೆಚ್ಚುಗೆಯಲ್ಲ ಮಾರಾಯ್ರೆ, ಹಠ. ನಮ್ಮಲ್ಲೇ ಇನ್ನು ಕೆಲವರು, ದೇವಿಗೆ ಹೂ ಹಾಕಿದರೆಂದು ಮುಖ ತಿರುಗಿಸಿದರು. ಆ ವಿಷಯದಲ್ಲಿ ನಮಗೂ ಭಿನ್ನಾಭಿಪ್ರಾಯ ಉಂಟು, ಮುಚ್ಚಿಡುವುದಿಲ್ಲ. ಆದರೆ ಈ ಎರಡು ಗುಂಪಿನಲ್ಲಿ ಅವರ ಒಂದು ಕಥೆಯಾದರೂ ಓದಿದವರು ಎಷ್ಟು ಮಂದಿ?

2000ದ ಸುಮಾರಿಗೆ, ಹೆಂಗಸರಿಗೂ ಮಸೀದಿಗೆ ಹೋಗುವ ಹಕ್ಕು ಉಂಟೆಂದು ಹೇಳಿದ್ದಕ್ಕೆ ಹಾಸನದಲ್ಲಿ ಅವರಿಗೆ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಹಾಕಿದ್ದರು. ಆಗ ನಾವು ದರ್ಸಿನಲ್ಲಿ ಕಲಿಯುತ್ತಿದ್ದ ಹುಡುಗರು. ಬಹಿಷ್ಕಾರ ಸರಿಯೆಂದೇ ವಾದ ಮಾಡಿದ್ದೆವು. ಅವರು ಬರೆದದ್ದು ಒಂದು ಸಾಲೂ ಓದಿರಲಿಲ್ಲ.

ಈ ವರ್ಷ ಓದಿದೆವು. ‘ಕರಿ ನಾಗರಗಳು’ ಕಥೆಯಲ್ಲಿ, ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟ ಹೆಂಗಸೊಬ್ಬಳು ನ್ಯಾಯ ಕೇಳಿ ಮಸೀದಿಗೆ ಬರುತ್ತಾಳೆ. ಮುತವಲ್ಲಿಗೆ ಅವಳ ಮಾತು ಕೇಳಲು ಪುರುಸೊತ್ತಿಲ್ಲ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಸಿನಿಮಾ ಇದೇ ಕಥೆಯದ್ದು. ಓದಿ ಮುಗಿಸಿದ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಅಂಥ ತಾಯಂದಿರು ನಮ್ಮ ಮದ್ರಸದ ಬಾಗಿಲಿಗೂ ಬಂದದ್ದುಂಟು. ‘ಕಮಿಟಿಯವರಿಗೆ ಹೇಳಿ’ ಎಂದು ನಾವು ಕಳಿಸಿದ್ದೇವೆ. ಕಮಿಟಿ ಏನು ಮಾಡಿತು ಎಂದು ಆಮೇಲೆ ವಿಚಾರಿಸಿದ್ದಿಲ್ಲ.

ಭಿನ್ನಾಭಿಪ್ರಾಯ ನಮಗೇನು ಹೊಸತಲ್ಲ. ಶಾಫಿಗಳಾದ ನಾವು ಇಲ್ಲಿ ಹನಫಿ ಇಮಾಮರ ಹಿಂದೆ ನಮಾಜ್ ಮಾಡುತ್ತೇವೆ. ಅವರ ಅಸರ್ ನಮ್ಮದಕ್ಕಿಂತ ತಡ, ಸುಬಹಿಯಲ್ಲಿ ಕುನೂತ್ ಇಲ್ಲ. ಅಷ್ಟಾಗಿಯೂ ಅಬೂ ಹನೀಫರ ಫಿಕ್ಹನ್ನು ಬಾಯಿತುಂಬ ಹೊಗಳಿದವರು ನಮ್ಮ ಇಮಾಮ್ ಶಾಫಿಯವರೇ. ಗಂಡಸು ಗಂಡಸಿನ ನಡುವೆ ಇಷ್ಟು ದೊಡ್ಡ ಮನಸ್ಸು ಬರುತ್ತದೆ. ಎದುರಿಗೆ ಹೆಂಗಸು, ಅದರಲ್ಲೂ ವಕೀಲೆ ನಿಂತರೆ ಮಾತ್ರ ಬಹಿಷ್ಕಾರದ ಕಾಗದ ಹೊರಗೆ ಬರುತ್ತದೆ. ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕ್ಕರ್ ಇದನ್ನು ಜೀವಮಾನವಿಡೀ ಕಂಡರು. 2023ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲಷ್ಟೇ ನಮ್ಮಲ್ಲಿ ಅನೇಕರ ಬಾಯಲ್ಲಿ ಒಳ್ಳೆ ಮಾತು ಬಂತು.

ಕಳೆದ ವಾರ ಒಬ್ಬ ತಾಯಿ ಬಂದಿದ್ದರು. ಗಂಡ ಖರ್ಚಿಗೆ ಕೊಡುವುದು ನಿಲ್ಲಿಸಿ ಏಳು ತಿಂಗಳಾಯಿತಂತೆ. ಈ ಸಲ ಕಮಿಟಿಗೆ ಹೇಳಿ ಎನ್ನಲಿಲ್ಲ. ಅವರನ್ನು ಕೂರಿಸಿ ಎಲ್ಲವನ್ನೂ ಬರೆದುಕೊಂಡೆವು. ಬರುವ ಶುಕ್ರವಾರ ಜುಮಾ ಆದ ಮೇಲೆ ಮೀಟಿಂಗ್ ಉಂಟು, ಆ ಹಾಳೆಯನ್ನು ಕಮಿಟಿಯ ಎದುರು ನಾವೇ ಓದುತ್ತೇವೆ.